ಯಾವ ಗಡಿಯಾರದ ಐದು ಗಂಟೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯ ಕೊನೆಯ ಪುಟದಲ್ಲಿ, ಎಡಗಡೆಯ ಕೆಳಮೂಲೆಯಲ್ಲಿ ಒಂದು ಬಾಕ್ಸ್ ಇತ್ತು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದೂರ 14,000 ಕಿ.ಮೀ., ವಿಮಾನದ ವೇಗ ಗಂಟೆಗೆ 900 ಕಿ.ಮೀ., ಪ್ರಯಾಣದ ಅವಧಿ 15 ಗಂಟೆ 33 ನಿಮಿಷ. ಅದರ ಕೆಳಗೆ, ಹೊರಡುವುದು ಮಧ್ಯಾಹ್ನ 2.30, ತಲುಪುವುದು ಸಂಜೆ 5. ಎಲ್ಲಕ್ಕೂ ಮೇಲೆ ದಪ್ಪ ಅಕ್ಷರದಲ್ಲಿ ‘ಜಗತ್ತಿನ ಅತಿ ದೂರದ ಹಾರಾಟ’ ಎಂಬ ಶೀರ್ಷಿಕೆ.

ಶೀರ್ಷಿಕೆಯ ವಿಷಯವನ್ನು ಮೊದಲೇ ಮುಗಿಸಿಬಿಡುತ್ತೇನೆ. ಸಿಂಗಪುರದಿಂದ ನ್ಯೂಯಾರ್ಕ್‌ಗೆ ಹೋಗುವ ನೇರ ವಿಮಾನದ ದಾರಿ ಸುಮಾರು 15,300 ಕಿ.ಮೀ.; ಅದು 18 ಗಂಟೆಗೂ ಮಿಕ್ಕಿ ಆಕಾಶದಲ್ಲಿರುತ್ತದೆ. ಹಾಗಾಗಿ ನಮ್ಮದು ಮೊದಲನೆಯದಲ್ಲ. ಅದಕ್ಕೆ ನನಗೆ ಬೇಸರವೇನೂ ಇಲ್ಲ. ನನ್ನ ತಕರಾರು ಇರುವುದು ಆ 33 ನಿಮಿಷದ ಮೇಲೆ ಮತ್ತು ಆ ಸಂಜೆ 5 ಗಂಟೆಯ ಮೇಲೆ.

ನಾನು ರಾಜ್ಯ ರಸ್ತೆ ಸಾರಿಗೆಯಲ್ಲಿ ಸಂಚಾರ ನಿಯಂತ್ರಕನಾಗಿದ್ದವನು. ಟಿ.ಸಿ. ಎಂದರೆ ಜನ ರೈಲಿನಲ್ಲಿ ಟಿಕೆಟ್ ಕೇಳುವವರು ಎಂದುಕೊಳ್ಳುತ್ತಾರೆ. ನಾವು ನಿಲ್ದಾಣದ ಗಾಜಿನ ಕಿಂಡಿಯ ಹಿಂದೆ ಕುಳಿತು ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ಬರೆಯುವವರು. ಸಾಗರದ ನಿಲ್ದಾಣದಲ್ಲೇ ಹನ್ನೊಂದು ವರ್ಷ ಕಳೆದಿದ್ದೇನೆ. ಕಿಲೋಮೀಟರನ್ನು ವೇಗದಿಂದ ಭಾಗಿಸಿ ಬಂದ ಉತ್ತರವನ್ನು ಒಂದು ದಿನವೂ ಬೋರ್ಡಿನ ಮೇಲೆ ಬರೆದವನಲ್ಲ. ಬರೆದಿದ್ದರೆ ಚಾಲಕರು ಸುಮ್ಮನಿರುತ್ತಿರಲಿಲ್ಲ. ಮಾವಿನಗುಂಡಿಯಿಂದ ಗೇರುಸೊಪ್ಪೆಗೆ ಘಾಟಿ ಇಳಿಯುವ ಬಸ್ಸಿಗೂ ಅದೇ ಘಾಟಿಯನ್ನು ಹತ್ತಿಕೊಂಡು ಬರುವ ಬಸ್ಸಿಗೂ ಒಂದೇ ರನ್ನಿಂಗ್ ಟೈಮ್ ಕೊಟ್ಟು ನೋಡಿ! ಆಷಾಢದ ಮಂಜಿನಲ್ಲಿ ಅದೂ ಬೇರೆ, ಮಾಘದ ಬಿಸಿಲಿನಲ್ಲಿ ಅದೂ ಬೇರೆ. ದಾರಿ ಒಂದೇ, ಕಿಲೋಮೀಟರ್ ಒಂದೇ, ಹೊತ್ತು ಮಾತ್ರ ನಾಲ್ಕು ಬಗೆ.

ಇಷ್ಟಕ್ಕೇ ನಾನು ಕಾಗದ ಬರೆಯಲು ಕೂರುತ್ತಿರಲಿಲ್ಲ. ಈ ಫೆಬ್ರುವರಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನಿಗೆ ಆದದ್ದನ್ನು ಹೇಳಬೇಕು. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ ಅವರು ಒಬ್ಬರೇ ವಾಪಸು ಬರುವವರಿದ್ದರು. ಶನಿವಾರ ರಾತ್ರಿ 8.30ಕ್ಕೆ ಅಲ್ಲಿಂದ ವಿಮಾನ. ಹದಿನೇಳು ಗಂಟೆಯ ಪ್ರಯಾಣ ಎಂದು ಯಾರೋ ಹೇಳಿದ್ದರು. ಅಕ್ಕ ಬೆರಳು ಮಡಚಿ ಎಣಿಸಿದರು: ಭಾನುವಾರ ಮಧ್ಯಾಹ್ನ ಒಂದೂವರೆ, ಹೆಚ್ಚೆಂದರೆ ಎರಡು. ತಮ್ಮನಿಗೆ ಫೋನ್ ಮಾಡಿ ಭಾನುವಾರ ರಾತ್ರಿಯ ಸಾಗರದ ಸ್ಲೀಪರ್ ಬಸ್ಸಿನಲ್ಲಿ ಒಂದು ಸೀಟು ಕಾದಿರಿಸಲು ಹೇಳಿದರು. ತಮ್ಮನೂ ಕಾದಿರಿಸಿದರು. ಭಾನುವಾರ ಸಂಜೆಯವರೆಗೂ ದೇವನಹಳ್ಳಿಯ ವಿಮಾನ ನಿಲ್ದಾಣದ ಹೊರಗೆ ಕಂಬಿ ಹಿಡಿದು ನಿಂತರು. ಬಸ್ಸು ಮೆಜೆಸ್ಟಿಕ್ಕಿನಿಂದ ಹೊರಡುವ ಹೊತ್ತಿಗೆ ಅಕ್ಕ ಇನ್ನೂ ಸಾವಿರಾರು ಕಿಲೋಮೀಟರ್ ಆಚೆ, ಮೋಡದ ಮೇಲೆ ಉಪ್ಪಿಟ್ಟು ತಿನ್ನುತ್ತಿದ್ದರು. ವಿಮಾನ ಇಳಿದದ್ದು ಸೋಮವಾರ ನಸುಕಿನಲ್ಲಿ. ಟಿಕೆಟ್ಟಿನಲ್ಲಿ ತಲುಪುವ ಸಮಯದ ಪಕ್ಕದಲ್ಲಿ ‘+2’ ಎಂದು ಇರುವೆಯ ಮೊಟ್ಟೆಯಷ್ಟು ಚಿಕ್ಕದಾಗಿ ಬರೆದಿತ್ತಂತೆ. ಹೊರಟ ತಾರೀಕಿಗೆ ಎರಡು ದಿನ ಸೇರಿಸಿಕೊಳ್ಳಿ ಎಂದು ಅದರ ಅರ್ಥ. ಅದು ತೂಕದ ಲೆಕ್ಕ, ಇನ್ನೆರಡು ಕಿಲೋ ಒಯ್ಯಬಹುದು ಎಂದು ಅವರು ತಿಳಿದಿದ್ದರು. ಸೀಟಿನ ದುಡ್ಡು ಹೋಯಿತು. ಅದಕ್ಕಿಂತ ಹೆಚ್ಚಾಗಿ, ಅಕ್ಕ ಕಾಣಿಸದಿದ್ದ ಆ ರಾತ್ರಿಯಿಡೀ ತಮ್ಮನಿಗೆ ಎದೆ ಹೊಡೆದುಕೊಂಡಿತು.

ಅಕ್ಕನ ಕೂಡಿಸುವ ಲೆಕ್ಕ ತಪ್ಪಿರಲಿಲ್ಲ. 8.30ಕ್ಕೆ 17 ಗಂಟೆ ಸೇರಿಸಿದರೆ ಅವರು ಹೇಳಿದ್ದೇ ಬರುತ್ತದೆ, ಆದರೆ ಅದು ಅಲ್ಲಿನ ಗಡಿಯಾರದಲ್ಲಿ. ಚಳಿಗಾಲದಲ್ಲಿ ನಾವು ಅವರಿಗಿಂತ ಹದಿಮೂರೂವರೆ ಗಂಟೆ ಮುಂದೆ ಇರುತ್ತೇವೆ. ಅವರ ಶನಿವಾರ ರಾತ್ರಿ 8.30 ಎಂದರೆ ನಮಗೆ ಆಗಲೇ ಭಾನುವಾರ ಬೆಳಿಗ್ಗೆ 10. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನೇರ ವಿಮಾನ ಶುರುವಾದದ್ದೇ ಹೀಗೆ: 2021ರ ಜನವರಿ 9ರ ಶನಿವಾರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777, ಜನವರಿ 11ರ ಸೋಮವಾರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳತ್ವದಲ್ಲಿ ಕಾಕ್‌ಪಿಟ್ಟಿನಲ್ಲಿದ್ದವರೆಲ್ಲರೂ ಮಹಿಳೆಯರು. ಉತ್ತರ ಧ್ರುವದ ಮೇಲಿನ ದಾರಿ ಹಿಡಿದು ಬಂದಿದ್ದರು. ಆ ಫೋಟೊವನ್ನು ನಿಮ್ಮ ಪತ್ರಿಕೆಯಲ್ಲೇ ನೋಡಿದ ನೆನಪು. ಭಾನುವಾರ ಎಂಬ ಒಂದು ದಿನವನ್ನು ಆ ಪ್ರಯಾಣಿಕರೆಲ್ಲ ಕಿಟಕಿಯಲ್ಲೇ ಕಳೆದರು.

ಈಗ ನಿಮ್ಮ ಬಾಕ್ಸಿಗೆ ಬರುತ್ತೇನೆ. ಅದು ಈ ಕಡೆಯಿಂದ ಹೋಗುವ ವಿಮಾನದ್ದು. 2.30ಕ್ಕೆ ಹೊರಟು ಅದೇ ದಿನ 5ಕ್ಕೆ ತಲುಪುತ್ತದೆ ಎಂದು ಓದಿದ ನಮ್ಮ ಬೀದಿಯ ಕಿರಾಣಿ ಅಂಗಡಿಯವರು, ‘ಎರಡೂವರೆ ಗಂಟೆ! ಇಲ್ಲಿಂದ ಶಿವಮೊಗ್ಗಕ್ಕೆ ಹೋಗಿ ಊಟ ಮಾಡುವಷ್ಟರಲ್ಲಿ ಅಮೆರಿಕ’ ಎಂದರು. ತಮಾಷೆಗೇ ಹೇಳಿದರು ಎನ್ನಿ. ಆದರೆ ಮೇಲಿನ ಸಾಲಿನಲ್ಲಿ 15 ಗಂಟೆ 33 ನಿಮಿಷ, ಕೆಳಗಿನ ಸಾಲಿನಲ್ಲಿ ಎರಡೂವರೆ ಗಂಟೆ, ಎರಡಕ್ಕೂ ನಡುವೆ ಒಂದು ಅಕ್ಷರದ ವಿವರಣೆಯೂ ಇಲ್ಲ. ನಿಮ್ಮದೇ ಸಮಯಗಳಿಂದ ಲೆಕ್ಕ ಹಾಕಿದರೆ ಚಳಿಗಾಲದಲ್ಲಿ 16 ಗಂಟೆ ಬರುತ್ತದೆ. ಬೇಸಿಗೆಯಲ್ಲಿ ಹಾಕಿದರೆ 15. ಯಾಕೆಂದರೆ ಅಲ್ಲಿನವರು ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಆಗ ಅಂತರ ಹನ್ನೆರಡೂವರೆ ಗಂಟೆ. ನಿಮ್ಮ 33 ನಿಮಿಷ ಎರಡು ಲೆಕ್ಕದಲ್ಲೂ ಬರುವುದಿಲ್ಲ.

ಆ 14,000 ಕಿಲೋಮೀಟರ್ ಎಲ್ಲಿಂದ ಬಂತು ಎಂದು ಅಂಗಡಿಯವರು ಕೇಳಿದರು. ಅವರ ಅಂಗಡಿಯ ಮುಂದೆಯೇ ಒಂದು ಚಕ್ಕೋತ ಹಣ್ಣು ತೆಗೆದುಕೊಂಡು, ಹೂ ಕಟ್ಟುವ ಬಾಳೆನಾರಿನಿಂದ ತೋರಿಸಿದೆ. ತೊಟ್ಟಿನ ಕಡೆ ಉತ್ತರ ಧ್ರುವ. ಬೆಂಗಳೂರು ಉತ್ತರ ಅಕ್ಷಾಂಶ 13 ಡಿಗ್ರಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ 37 ದಾಟಿದ ಮೇಲೆ. ರೇಖಾಂಶದಲ್ಲಿ ಮಾತ್ರ ಎರಡೂ ಊರುಗಳ ನಡುವೆ 160 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಹಣ್ಣಿನ ಬೆನ್ನ ಹಿಂದೆ. ಎರಡು ಲವಂಗ ಚುಚ್ಚಿ ನಾರನ್ನು ಬಿಗಿಯಾಗಿ ಎಳೆದರೆ ಅದು ಹಣ್ಣಿನ ಹೊಟ್ಟೆಯ ಮೇಲೆ ನಿಲ್ಲುವುದಿಲ್ಲ. ಜಾರಿ ತೊಟ್ಟಿನ ಕಡೆಗೆ ಏರುತ್ತದೆ. ನಿಜವಾದ ಭೂಮಿಯ ಮೇಲೆ ಆ ನಾರು ಚೀನಾವನ್ನು ದಾಟಿ ಸೈಬೀರಿಯಾದ ಉತ್ತರ ಅಂಚಿನ ಹತ್ತಿರ ಸುಮಾರು 71ನೇ ಡಿಗ್ರಿಯವರೆಗೆ ಹೋಗಿ, ಅಲಾಸ್ಕಾದ ಕಡೆಯಿಂದ ಕೆಳಕ್ಕೆ ಇಳಿಯುತ್ತದೆ. ಅದರ ಉದ್ದವೇ ನಿಮ್ಮ 14,000 ಕಿ.ಮೀ. ಶಾಲೆಯ ಗೋಡೆಯ ನಕ್ಷೆಯಲ್ಲಿ ಸ್ಕೇಲು ಇಟ್ಟು ಬೆಂಗಳೂರಿನಿಂದ ಪೆಸಿಫಿಕ್ಕಿನ ಮೇಲೆ ಅಡ್ಡಗೆರೆ ಎಳೆದು ಅದೇ ಗೆರೆಯ ಮೇಲೆ ಹಾರಿದರೆ 16,000 ಕಿ.ಮೀ. ದಾಟುತ್ತದೆ. ಅಂಗಡಿಯವರು ನಾರನ್ನು ಎರಡು ಮೂರು ಸಲ ಎಳೆದು ನೋಡಿ, ಕೊನೆಗೆ ಚಕ್ಕೋತದ ದುಡ್ಡು ಕೇಳಿದರು.

ಹಾಗೆಂದು ವಿಮಾನ ಆ ನಾರಿನ ಮೇಲೇ ಹೋಗುತ್ತದೆಯೇ? ಅದೂ ಇಲ್ಲ. ಇಲ್ಲಿ ನಮ್ಮ ಘಾಟಿಯ ಬದಲಿಗೆ ಗಾಳಿ. ಮೇಲೆ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಗಾಳಿ ಹರಿಯುತ್ತಿರುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರಾಗಿ. ವಿಮಾನದ ಗಂಟೆಗೆ 900 ಕಿ.ಮೀ. ಎನ್ನುವುದು ಆ ಗಾಳಿಯೊಳಗಿನ ವೇಗ. ಬೆನ್ನಿಗೆ ಗಾಳಿ ಸಿಕ್ಕಿದರೆ ನೆಲದ ಲೆಕ್ಕದಲ್ಲಿ ಸಾವಿರ ದಾಟುತ್ತದೆ, ಎದುರುಗಾಳಿಯಾದರೆ ಎಂಟುನೂರಕ್ಕೂ ಕೆಳಗೆ ಇಳಿಯುತ್ತದೆ. ಇದಕ್ಕೆ ನನಗೆ ಗೊತ್ತಿರುವ ಚಂದದ ಉದಾಹರಣೆ ದೆಹಲಿಯದು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಏರ್ ಇಂಡಿಯಾ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ಅದನ್ನು ಪೆಸಿಫಿಕ್ ಕಡೆಗೆ ತಿರುಗಿಸಿದರು. ದಾರಿ 15,300 ಕಿ.ಮೀ.ಗೆ ಏರಿತು, ಹೊತ್ತು ಮಾತ್ರ ಹದಿನಾಲ್ಕೂವರೆ ಗಂಟೆಗೆ ಇಳಿಯಿತು, ಹಿಂದಿಗಿಂತ ಹತ್ತಿರ ಹತ್ತಿರ ಎರಡು ಗಂಟೆ ಕಡಿಮೆ. ಸಾವಿರದ ನಾನೂರು ಕಿಲೋಮೀಟರ್ ಸುತ್ತಿಕೊಂಡು ಹೋದವನು ಬೇಗ ಮನೆ ಸೇರಿದ! ನಿಮ್ಮ ಬಾಕ್ಸಿನ ಭಾಗಾಕಾರದಲ್ಲಿ ಇದನ್ನು ಎಲ್ಲಿ ಬರೆಯುತ್ತೀರಿ?

ಗಾಳಿಯ ಜೊತೆಗೆ ಈಗ ರಾಜಕೀಯವೂ ಇದೆ. 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದೆ, ನಮ್ಮವಕ್ಕೆ ಮುಚ್ಚಿಲ್ಲ. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಪಾಕಿಸ್ತಾನದ ಆಕಾಶ ಮುಚ್ಚಿತು. ಬಂದ್ ದಿನ ಬಸ್ಸನ್ನು ಬೇರೆ ದಾರಿಗೆ ತಿರುಗಿಸಿದಂತೆ. ಇಷ್ಟು ಸಾಕು.

ನನ್ನ ಸ್ವಂತ ಪ್ರಯಾಣದ ಕಥೆಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಅದನ್ನು ಬರೆದಿಟ್ಟುಕೊಂಡಿದ್ದೇನೆ. 2023ರ ನವೆಂಬರ್, ದೀಪಾವಳಿ ಮುಗಿದ ವಾರ. ಮಗಳು ಫ್ರೀಮಾಂಟ್‌ನಲ್ಲಿದ್ದಾಳೆ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದ ಊರು. ಹೊರಡುವಾಗ ನನ್ನ ಎಚ್‌ಎಂಟಿ ಕೈಗಡಿಯಾರಕ್ಕೆ ಕೀಲಿ ಕೊಟ್ಟು ಎಡಗೈಗೆ ಕಟ್ಟಿಕೊಂಡೆ. ಮಗಳ ಬಾಗಿಲು ಮುಟ್ಟುವವರೆಗೆ ಅದರ ಮುಳ್ಳು ತಿರುಗಿಸಬಾರದು ಎಂದು ನಿಶ್ಚಯ ಮಾಡಿಕೊಂಡಿದ್ದೆ. ಹೆಂಡತಿ, ‘ರಿಟೈರಾದರೂ ಡ್ಯೂಟಿ ಬಿಡಲಿಲ್ಲ’ ಎಂದಳು.

ಮನೆಯ ಗೇಟು ಹಾಕಿದ್ದು ರಾತ್ರಿ 9 ಗಂಟೆ. ಬಸ್ಸು ಬಿಟ್ಟಿದ್ದು 9.40, ಹತ್ತು ನಿಮಿಷ ತಡ. ಮೆಜೆಸ್ಟಿಕ್ ಮುಟ್ಟಿದ್ದು ಬೆಳಿಗ್ಗೆ 5.50. ಸುಮಾರು 370 ಕಿಲೋಮೀಟರಿಗೆ 8 ಗಂಟೆ 10 ನಿಮಿಷ. ಅದರಲ್ಲಿ ಊಟಕ್ಕೂ ಅಲ್ಲದ, ಕಾಫಿಗೂ ಅಲ್ಲದ ಒಂದು ಹೋಟೆಲಿನ ಮುಂದೆ 25 ನಿಮಿಷ. ವಿಮಾನ ನಿಲ್ದಾಣಕ್ಕೆ ಹೋಗುವ ವಾಯು ವಜ್ರ ಬಸ್ಸು ಹತ್ತಿ ದೇವನಹಳ್ಳಿ ತಲುಪಿದಾಗ 8.30. ಅಲ್ಲಿಂದ ಕಾಯುವುದು. ವಿಮಾನದ ಗಾಲಿ ನೆಲ ಬಿಟ್ಟಿದ್ದು 2 ಗಂಟೆ 58 ನಿಮಿಷಕ್ಕೆ.

ಪೂರ್ವಕ್ಕೆ ಹೋಗುವವನ ಸೂರ್ಯ ಬೇಗ ಮುಳುಗುತ್ತಾನೆ ಎಂದು ಪುಸ್ತಕದಲ್ಲಿ ಓದಿದ್ದೆ. ಎಚ್‌ಎಂಟಿಯಲ್ಲಿ ಐದು ಗಂಟೆಗೆಲ್ಲ ಕಿಟಕಿ ಕಪ್ಪಾಯಿತು. ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ, ಆಮೇಲೆ ಜಪಾನಿನ ದೀಪಗಳು. ಮುಂದಿನ ಸೀಟಿನ ಬೆನ್ನಿನಲ್ಲಿದ್ದ ಪರದೆಯಲ್ಲಿ ವೇಗವನ್ನು ನೋಡುತ್ತಲೇ ಇದ್ದೆ. ಪೆಸಿಫಿಕ್ ಮೇಲೆ ಒಂದು ಹೊತ್ತಿನಲ್ಲಿ ಗಂಟೆಗೆ 1,080 ಕಿ.ಮೀ. ತೋರಿಸಿತು. ಅದನ್ನು ಎರಡು ಸಲ ಗೆರೆ ಎಳೆದು ಬರೆದುಕೊಂಡಿದ್ದೇನೆ. ಎಚ್‌ಎಂಟಿಯಲ್ಲಿ ನಡುರಾತ್ರಿ ಹನ್ನೆರಡೂವರೆಯಾಗಿತ್ತು, ಕಿಟಕಿಯ ಅಂಚಿನಲ್ಲಿ ಕೆಂಪು ಮೂಡಿತು. ಆ ಸುಮಾರಿಗೆ ದಿನರೇಖೆಯನ್ನೂ ದಾಟಿದೆವು, ತಾರೀಕು ಒಂದು ದಿನ ಹಿಂದಕ್ಕೆ ಹೋಯಿತು. ನಮ್ಮ ಭಾವನವರು ಆಮೇಲೆ ಫೋನಿನಲ್ಲಿ, ‘ಹಾಗಾದರೆ ತಿಥಿ ಯಾವುದು ಹಿಡಿದೆ?’ ಎಂದು ಕೇಳಿದರು. ತಿಥಿ ಚಂದ್ರನ ಲೆಕ್ಕ, ಅದು ಭೂಮಿಗೆಲ್ಲ ಒಂದೇ ಗಳಿಗೆಗೆ ಬದಲಾಗುತ್ತದೆ. ಸೂರ್ಯೋದಯ ಮಾತ್ರ ಊರೂರಿಗೆ ಬೇರೆ, ಆದ್ದರಿಂದಲೇ ಅಲ್ಲಿಯ ಏಕಾದಶಿ ಒಮ್ಮೊಮ್ಮೆ ಬೇರೆ ತಾರೀಕಿಗೆ ಬೀಳುತ್ತದೆ ಎಂದು ಹೇಳಿದೆ. ಅವರು ಒಪ್ಪಿದರೋ ಇಲ್ಲವೋ, ಫೋನ್ ಇಟ್ಟರು.

ಗಾಲಿ ನೆಲ ಮುಟ್ಟಿದ್ದು ಎಚ್‌ಎಂಟಿಯಲ್ಲಿ ಮರುದಿನ ಬೆಳಿಗ್ಗೆ 6.11. ಅಲ್ಲಿನ ಗೋಡೆಯಲ್ಲಿ ಹಿಂದಿನ ದಿನದ ಸಂಜೆ 4.41. ಆಕಾಶದಲ್ಲಿದ್ದದ್ದು 15 ಗಂಟೆ 13 ನಿಮಿಷ. ವಿಮಾನ ಬಾಗಿಲಿಗೆ ಹೋಗಿ ನಿಲ್ಲುವಷ್ಟರಲ್ಲಿ ಸೂರ್ಯ ಇಳಿಯುತ್ತಿದ್ದ. ಒಂದೇ ತಾರೀಕಿನಲ್ಲಿ ನಾನು ನೋಡಿದ ಎರಡನೆಯ ಸೂರ್ಯಾಸ್ತ. ಪಾಸ್‌ಪೋರ್ಟ್ ತೋರಿಸುವ ಸರದಿಯಲ್ಲಿ 1 ಗಂಟೆ 50 ನಿಮಿಷ ನಿಂತೆವು. ಕಾರಿನಲ್ಲಿ ಕೂತ ಮೇಲೆ ಹೆಂಡತಿ ಚೀಲದಿಂದ ರಕ್ತದೊತ್ತಡದ ಮಾತ್ರೆ ತೆಗೆದು, ‘ಬೆಳಗಿನದು ಇನ್ನೂ ನುಂಗಿಲ್ಲ’ ಎಂದಳು. ಹೊರಗೆ ಬೀದಿದೀಪ ಉರಿಯುತ್ತಿತ್ತು. ‘ಅಪ್ಪಯ್ಯ, ಅಮ್ಮನಿಗೆ ಏನಾಯಿತು?’ ಎಂದು ಮಗಳು ಗಾಬರಿಯಾದಳು. ಏನೂ ಆಗಿರಲಿಲ್ಲ. ಪ್ರಯಾಣ ಮುಗಿಯುವವರೆಗೆ ಮನೆಯ ಗಡಿಯಾರ ನೋಡಿಯೇ ಮಾತ್ರೆ ತೆಗೆದುಕೊಳ್ಳಿ ಎಂದು ಸಾಗರದ ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಮನೆಯ ಗಡಿಯಾರ ನನ್ನ ಎಡಗೈಯಲ್ಲಿತ್ತು, ಅದರಲ್ಲಿ ಬೆಳಿಗ್ಗೆ ಎಂಟು ದಾಟಿತ್ತು. ಕೊಲ್ಲಿಯ ಮೇಲಿನ ಉದ್ದನೆಯ ಸೇತುವೆಯನ್ನು ಆ ಸಂಜೆಯ ಕಾರುಗಳ ಸಾಲಿನಲ್ಲಿ ದಾಟಿ ಮಗಳ ಬಾಗಿಲು ಮುಟ್ಟಿದಾಗ 9.30.

ಗೇಟಿನಿಂದ ಬಾಗಿಲಿಗೆ 36 ಗಂಟೆ 30 ನಿಮಿಷ. ಅದರಲ್ಲಿ ಹಾರಿದ್ದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ಬಸ್ಸು, ಬೆಂಚು, ಸರದಿ. ಬೆಂಗಳೂರಿನವರಿಗೆ ಇದು ಅಷ್ಟಾಗಿ ತಟ್ಟಲಿಕ್ಕಿಲ್ಲ. ಆದರೆ ನಿಮ್ಮ ಪತ್ರಿಕೆಯ ಶಿವಮೊಗ್ಗ ಆವೃತ್ತಿಯನ್ನು ಓದುವವರು ದೇವನಹಳ್ಳಿಯಲ್ಲಿ ಮನೆ ಮಾಡಿಕೊಂಡಿಲ್ಲ. ಮಲೆನಾಡಿನ ಒಂದೊಂದು ಬೀದಿಯಲ್ಲೂ ಈಗ ಮಗನೋ ಮಗಳೋ ಅಲ್ಲಿರುವ ಮನೆ ಸಿಗುತ್ತದೆ. ಅರವತ್ತು ದಾಟಿದ ಗಂಡ ಹೆಂಡತಿ, ಮೊದಲ ವಿಮಾನ, ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರು ನಿಮ್ಮ ಬಾಕ್ಸನ್ನು ಕತ್ತರಿಸಿ ಟಿಕೆಟ್ಟಿನ ಜೊತೆ ಇಟ್ಟುಕೊಳ್ಳುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ದೂರ ಬೇರೆ, ಹೊತ್ತು ಬೇರೆ ಎಂಬುದನ್ನು ನಮ್ಮ ಕಡೆಯವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಯೂ ಇಲ್ಲ. ಸಿಗಂದೂರಿಗೆ ಹೋಗುವಾಗ ಶರಾವತಿಯ ಹಿನ್ನೀರು ಎರಡು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹಬ್ಬದ ದಿನ ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾದವರಿಗೆ ಆ ಎರಡು ಕಿಲೋಮೀಟರ್ ಎಷ್ಟು ಹೊತ್ತು ಎಂದು ಕೇಳಿ ನೋಡಿ. 2025ರ ಜುಲೈ 14ರಂದು ಸೇತುವೆ ತೆರೆಯಿತು. ನೀರು ಮೊದಲಿದ್ದಷ್ಟೇ ಅಗಲವಿದೆ, ಆಚೆ ದಡದ ತುಮರಿಯವರು ಮಾತ್ರ ಐದಾರು ನಿಮಿಷದಲ್ಲಿ ಈಚೆಗೆ ಬರುತ್ತಿದ್ದಾರೆ.

ಹಾಗಾಗಿ ನನ್ನ ಕೋರಿಕೆ ಚಿಕ್ಕದು. ಇನ್ನು ಮುಂದೆ ಇಂಥ ಬಾಕ್ಸ್ ಹಾಕುವಾಗ ಭಾಗಾಕಾರ ಮಾಡಬೇಡಿ. ವಿಮಾನದ ವೇಳಾಪಟ್ಟಿಯಲ್ಲಿರುವ ಅವಧಿಯನ್ನೇ ಕೊಡಿ. ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು, ಯಾಕೆಂದರೆ ಅವೆರಡೂ ಒಂದೇ ಅಲ್ಲ. ಯಾವ ತಿಂಗಳಿನದು ಎಂದು ಹೇಳಿ. ಹೊರಡುವ ಸಮಯದ ಮುಂದೆ ‘ಬೆಂಗಳೂರು ಗಡಿಯಾರ, ಗುರುವಾರ’ ಎಂದೂ ತಲುಪುವ ಸಮಯದ ಮುಂದೆ ‘ಅಲ್ಲಿನ ಗಡಿಯಾರ, ಅದೇ ಗುರುವಾರ, ನಮ್ಮಲ್ಲಿ ಆಗ ಶುಕ್ರವಾರ ಬೆಳಿಗ್ಗೆ 6.30’ ಎಂದೂ ಬಿಡಿಸಿ ಬರೆಯಿರಿ. ವಾಪಸು ಬರುವ ವಿಮಾನಕ್ಕೆ ವಾರದ ಹೆಸರು ಹಾಕಲೇಬೇಕು, ಆ ‘+2’ರ ಅರ್ಥ ಹೇಳಲೇಬೇಕು. ಜಾಗ ಸಾಲದು ಎನ್ನುವುದಾದರೆ ಮೇಲಿನ ವಿಮಾನದ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಿ. ಅದು ಹೇಗೂ ಬೇರೆ ಯಾವುದೋ ವಿಮಾನದ ಚಿತ್ರ, ನಾಲ್ಕು ಎಂಜಿನ್ ಇದೆ; ಬೋಯಿಂಗ್ 777ಕ್ಕೆ ಇರುವುದು ಎರಡು.

ಪಕ್ಕದ ಮನೆಯ ಅಕ್ಕ ಮತ್ತೆ ಹೊರಟಿದ್ದಾರೆ, ಮೊಮ್ಮಗುವಿನ ಹುಟ್ಟುಹಬ್ಬಕ್ಕೆ. ಈ ಸಲ ವಾಪಸು ಬರುವ ಬಸ್ಸಿನ ಸೀಟನ್ನು ನಾನೇ ಕಾದಿರಿಸಿಕೊಡುತ್ತೇನೆ ಎಂದಿದ್ದೇನೆ.

ನನ್ನ ಲಾಗ್‌ಶೀಟಿನ ಜೆರಾಕ್ಸ್ ಪ್ರತಿಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ, ಬೇಕಾದರೆ ಬಳಸಿಕೊಳ್ಳಬಹುದು. ಎಚ್‌ಎಂಟಿ ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಅದನ್ನು ಸೇರಿಸಿಕೊಂಡು ಓದಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಂಚಾರ ನಿಯಂತ್ರಕ
ಸಾಗರ, ಶಿವಮೊಗ್ಗ ಜಿಲ್ಲೆ